ಲಿಗೋರಿಯವರ ಗಾಡಿಯ ಮುಂದಿನ ಎಕ್ಸಲ್

"ಈ ಗಾಡಿಯ ಫ್ರಂಟ್ ಎಕ್ಸಲನ್ನು ನಾನೇ ಬಿಚ್ತೇನೆ, ನಾನೇ ತೊಳೀತೇನೆ, ನಾನೇ ಕೂರಿಸ್ತೇನೆ. ಒಬ್ಬ ಮೆಕ್ಯಾನಿಕ್ ಇದಕ್ಕೆ ಬೆರಳು ಮುಟ್ಟಿಸಿದ್ರೆ ನನ್ನ ಹೆಸರು ಹ್ಯೂಬರ್ಟ್ ಅಲ್ಲ!"

ಆದಿತ್ಯವಾರದ ಪೂಜೆ ಮುಗಿಸಿ ಬಂದ ಇಸ್ತ್ರಿಯ ಬಿಳಿ ಶರ್ಟಿನಲ್ಲೇ, ಕೂಳೂರಿನ ತಮ್ಮ ಮನೆಯಂಗಳದ ನಡುವೆ ನಿಂತು ಹ್ಯೂಬರ್ಟರು ಈ ಘೋಷಣೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರು. ಒಬ್ಬರು ಅವರ ಹೆಂಡತಿ ವಿನಿಫ್ರೆಡ್. ಅವರು ಬಾವಿಕಟ್ಟೆಯ ಹತ್ತಿರ ಕೂತು ಬಂಗುಡೆ ಕೊಯ್ಯುತ್ತಿದ್ದರು. ಇನ್ನೊಬ್ಬರು ಪಕ್ಕದ ಮನೆಯ ಅಹ್ಮದ್ ಬಾವ, ಹೈವೇ ಬದಿಯಲ್ಲಿ ಹಳೆಯ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು.

"ಪೊರ್ಬುಳೇ, ಎಕ್ಸಲ್ ಅಂದ್ರೆ ಎಂತ ಅಂತ ಗೊತ್ತುಂಟಲ್ಲ?" ಎಂದು ಅಹ್ಮದ್ ಬಾವ, ಇಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯ ಹೆಸರಿನಿಂದಲೇ, ಬಹಳ ಮರ್ಯಾದೆಯಿಂದ ಕೇಳಿದರು.

"ಗೊತ್ತಿಲ್ಲದೆ ಹೇಳ್ತೇನಾ ಬಾವಾಕ? ಯೂಟ್ಯೂಬಿನಲ್ಲಿ ಪೂರ್ತಿ ನೋಡಿದ್ದೇನೆ. ಒಂದು ಸಲ ಅಲ್ಲ, ಮೂರು ಸಲ!"

"ಹಾಗಾದ್ರೆ ನೋಡುವ ಕೆಲಸ ಮುಗೀತು," ಎಂದರು ಅಹ್ಮದ್ ಬಾವ. "ಇನ್ನು ಮಾಡುವುದು ಮಾತ್ರ ಬಾಕಿ."

ಹ್ಯೂಬರ್ಟರು ಪಣಂಬೂರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಆಯುಷ್ಯವಿಡೀ ಹಡಗುಗಳ ಕಾಗದಪತ್ರ ನೋಡಿಕೊಂಡು ನಿವೃತ್ತರಾದವರು. ಎಂತೆಂಥ ಹಡಗುಗಳು ಅವರ ಸಹಿಗಾಗಿ ಬಂದರಿನಲ್ಲಿ ಕಾದು ನಿಂತಿದ್ದವು! ಆದರೆ ಗಾಡಿ ಓಡಿಸುವುದೊಂದನ್ನು ಬಿಟ್ಟರೆ ಯಂತ್ರ ಎಂಬುದಕ್ಕೂ ಅವರಿಗೂ ಇದ್ದ ಸಂಬಂಧ ಸೈಕಲ್ಲಿನ ಚೈನು ಬಿದ್ದಾಗ ಹಾಕುವಷ್ಟರದ್ದು, ಅದೂ ಒಂದೊಂದು ಸಲ ದಾರಿಹೋಕರ ಸಹಾಯದಿಂದ. ಅಂಥವರು ಈಗ ಸ್ಪ್ಯಾನರ್ ಹಿಡಿಯಲು ಹೊರಟಿದ್ದರು. ಹೊರಟದ್ದು ಬರೀ ಹುರುಪಿಗಲ್ಲ, ಅದಕ್ಕೊಂದು ಹಿನ್ನೆಲೆ ಇದೆ.

ಅಂಗಳದ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದ್ದದ್ದು ಎರಡನೇ ಮಹಾಯುದ್ಧದ ಒಂದು ಮಿಲಿಟರಿ ಟ್ರಕ್ಕು. ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ್ದನ್ನು ವಿನಿಫ್ರೆಡರ ಅಪ್ಪ ಲಿಗೋರಿಯವರು ತಂದಿದ್ದರು. ಅದು ಹೆಂಚು ಹೊತ್ತಿತು, ಮರ ಹೊತ್ತಿತು, ಮದುವೆಯ ದಿಬ್ಬಣ ಹೊತ್ತಿತು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಕ್ಕೊಮ್ಮೆ ಸಾಯ್ಬಿಣಮ್ಮನನ್ನು ಹೊತ್ತಿತು. ಸಾಯ್ಬಿಣ್ ಎಂದರೆ ಮೇರಿ ಮಾತೆ. ಇಲ್ಲಿನ ಕ್ರೈಸ್ತರು ಪ್ರೀತಿಯಿಂದ ಕರೆಯುವ ಹೆಸರು ಅದು. ಅಕ್ಟೋಬರ್ ತಿಂಗಳಿಡೀ ಮನೆಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ನಡೆದು, ತಿಂಗಳ ಕೊನೆಗೆ ಆ ಪ್ರತಿಮೆಯನ್ನು ಹೂವಿನಿಂದ ಸಿಂಗರಿಸಿ ಮೆರವಣಿಗೆಯಲ್ಲಿ ಇಗರ್ಜಿಗೆ, ಅಂದರೆ ಚರ್ಚಿಗೆ ತರುವುದು ವಾಡಿಕೆ. ಗಾಡಿ ಲಿಗೋರಿಯವರದ್ದು, ಡ್ರೈವರೂ ಲಿಗೋರಿಯವರೇ.

ಒಂದು ವರ್ಷ ಮೆರವಣಿಗೆಯ ಮಧ್ಯದಲ್ಲಿ, ಮೋರಿಯ ತಿರುವಿನಲ್ಲಿ, ಮುಂದಿನ ಎಕ್ಸಲ್ ಕಟಕ್ ಎಂದಿತು. ಗಾಡಿ ಅಲ್ಲಾಡಲಿಲ್ಲ. ಕೊನೆಗೆ ಯಾರೋ ಒಂದು ಮೀನಿನ ಟೆಂಪೊವನ್ನು ತೊಳೆದು ತಂದರು, ಸಾಯ್ಬಿಣಮ್ಮನನ್ನು ಅದರಲ್ಲಿ ಕೂರಿಸಿ ಕರೆದೊಯ್ದರು. ಲಿಗೋರಿಯವರು ಹ್ಯಾಟು ಕೈಯಲ್ಲಿ ಹಿಡಿದು ಒಬ್ಬರೇ ಮನೆಗೆ ನಡೆದು ಹೋದರು. ಆಮೇಲೆ ಆ ಗಾಡಿಯ ಸ್ಟೇರಿಂಗನ್ನು ಅವರು ಮುಟ್ಟಲೇ ಇಲ್ಲ, ಮುಟ್ಟದೆಯೇ ತೀರಿಕೊಂಡರು. ತವರಿನ ಪಾಲಿನಲ್ಲಿ ನಿನಗೆ ಎಂತ ಬೇಕು ಎಂದು ಅಣ್ಣಂದಿರು ಕೇಳಿದಾಗ ವಿನಿಫ್ರೆಡ್ ಈ ಗಾಡಿ ಒಂದನ್ನೇ ಕೇಳಿ ಎಳೆಸಿಕೊಂಡು ಬಂದರು. ಶನಿವಾರ ಶನಿವಾರ ಟಾರ್ಪಾಲು ಸರಿಸಿ ಅದರ ಗಾಜು ಒರೆಸುತ್ತಿದ್ದರು. ಯಾಕೆಂದು ಗಂಡ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಅದೇ ಹ್ಯೂಬರ್ಟರು ಹೆಂಡತಿಗೊಂದು ಮಾತೂ ಹೇಳದೆ, ಪೂಜೆ ಮುಗಿದ ಮೇಲಿನ ಸಭೆಯಲ್ಲಿ ಎದ್ದು ನಿಂತು, "ಈ ವರ್ಷ ಸಾಯ್ಬಿಣಮ್ಮ ಬರುವುದು ನನ್ನ ಮಾವನ ಗಾಡಿಯಲ್ಲಿ!" ಎಂದು ಬಿಟ್ಟಿದ್ದರು. ಇಗರ್ಜಿಯ ಹಿರಿಯ ಪಾದ್ರಿ ವಿಗಾರ್ ಫಾದರ್ ಸಂತೋಷದಿಂದ ಒಪ್ಪಿದರು. ಜನ ಚಪ್ಪಾಳೆ ತಟ್ಟಿದರು. ವಾಡೊದ ಗುರ್ಕಾರ, ಅಂದರೆ ಆ ಕೇರಿಯ ಮುಂದಾಳು ಕ್ಯಾಲ್ವಿನ್, ಬಾಡಿಗೆಯ ಟೆಂಪೊದವನಿಗೆ ಅಲ್ಲಿಂದಲೇ ಫೋನು ಮಾಡಿ ಬೇಡವೆಂದ. ಹಿಂದೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು.

ಈಗ ಅಂಗಳದಲ್ಲಿ ಗಂಡನ ಬಾಯಿಂದ ಇದನ್ನೆಲ್ಲ ಕೇಳಿ ವಿನಿಫ್ರೆಡ್ ಕತ್ತಿ ಕೆಳಗಿಟ್ಟರು. ಕೈ ತೊಳೆದರು. ಸೆರಗಿಗೆ ಒರೆಸಿಕೊಂಡರು. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರು ಹೀಗೆ ನಿಧಾನವಾದಾಗ ದೊಡ್ಡ ದೊಡ್ಡ ಡಾಕ್ಟರುಗಳೇ ಹೆದರುತ್ತಿದ್ದರಂತೆ.

"ಅಪ್ಪನ ಗಾಡಿಯನ್ನು ಇನ್ನೊಂದು ಸಲ ದಾರಿ ಮಧ್ಯೆ ನಿಲ್ಲಿಸುವುದಾದ್ರೆ ಈಗಲೇ ಹೇಳಿ," ಎಂದರು. "ನಾನು ಆ ದಿವಸ ಮನೆಯಿಂದ ಹೊರಗೆ ಬರುವುದಿಲ್ಲ."

"ನಿಲ್ಲುವುದಾ? ವಿನ್ನಿ, ಸಾಯ್ಬಿಣಮ್ಮನ ಮುಂದೆ ಹಚ್ಚಿದ ಮೊಂಬತ್ತಿಯ ಜ್ವಾಲೆ ಅಲ್ಲಾಡುವುದಿಲ್ಲ, ಹಾಗೆ ಓಡಿಸ್ತೇನೆ. ನೋಡ್ತಿರು!"

ಎಂಜಿನನ್ನು ಅಹ್ಮದ್ ಬಾವರ ಕಡೆಯವರು ಹಿಂದೆಯೇ ಸರಿಮಾಡಿ ಕೊಟ್ಟಿದ್ದರಿಂದ ಉಳಿದದ್ದು ಆ ಎಕ್ಸಲ್ ಒಂದೇ. ಗಾಡಿಯ ಮೂತಿಯನ್ನು ಜಾಕಿಯಲ್ಲಿ ಎತ್ತಿ ಕೆಂಪುಕಲ್ಲುಗಳ ಮೇಲೆ ಕೂರಿಸಿ, ಎಕ್ಸಲನ್ನು ಬಿಚ್ಚಿ, ಚೈನ್ ಪುಲ್ಲಿ ಕಟ್ಟಿ, ಅಹ್ಮದ್ ಬಾವರ ಲೋಡಿಂಗ್ ಆಳುಗಳು ಅದನ್ನು ಹೊತ್ತು ತಂದು ಜಗಲಿಯಲ್ಲಿ ಎರಡು ಮರದ ಕಟ್ಟೆಗಳ ಮೇಲೆ ಇಟ್ಟರು. ಅಂಗಳದಲ್ಲಿ ಇಡೋಣವೆಂದರೆ ಸಂಜೆಯಾದರೆ ಗುಡುಗು ಮಳೆ. ಹಾಗಾಗಿ ಮನೆಗೆ ಬಂದವರು ಮೊದಲು ಎಕ್ಸಲನ್ನು ದಾಟಬೇಕು, ಆಮೇಲೆ ಹೊಸಿಲು ದಾಟಬೇಕು.

"ಇದು ಮನೆಯಾ, ಗ್ಯಾರೇಜಾ?" ಎಂದು ವಿನಿಫ್ರೆಡ್ ಕೇಳಿದರು.

"ಇದು ಆಪರೇಷನ್ ಥಿಯೇಟರ್," ಎಂದರು ಹ್ಯೂಬರ್ಟರು. "ನಿನಗೆ ಗೊತ್ತಾಗಬೇಕಿತ್ತು."

"ಥಿಯೇಟರಿನಲ್ಲಿ ನಾವು ಸನ್ನಾ ಬೇಯಿಸುವ ತಟ್ಟೆಯಲ್ಲಿ ಬೋಲ್ಟ್ ಹಾಕಿಡ್ತಿರಲಿಲ್ಲ. ಎಲ್ಲಿ ನನ್ನ ತಟ್ಟೆಗಳು?"

ತಟ್ಟೆಗಳೆಲ್ಲ ಅಲ್ಲೇ ಇದ್ದವು. ಒಂದೊಂದರಲ್ಲಿ ಒಂದೊಂದು ಬಗೆಯ ಬೋಲ್ಟು, ವಾಶರು, ಬೇರಿಂಗು, ಎಲ್ಲವೂ ಡೀಸೆಲಿನಲ್ಲಿ ಮುಳುಗಿ ಶಾಂತವಾಗಿದ್ದವು. ಆ ವಾರ ಮನೆಯಲ್ಲಿ ಇಡ್ಲಿಯಂಥ ಆ ಸನ್ನಾ ಇಲ್ಲ. ಅದರ ಮರುವಾರ ಮಾಡಿದ ಸನ್ನಾಗಳಿಗೆ ಪೆಟ್ರೋಲ್ ಬಂಕಿನ ಪರಿಮಳ. ಹ್ಯೂಬರ್ಟರು ಎರಡು ಸಲ ಹಾಕಿಸಿಕೊಂಡು ತಿಂದರು.

ಆದರೆ ಕೆಲಸದಲ್ಲಿ ಶಿಸ್ತಿತ್ತು, ಅದನ್ನು ಒಪ್ಪಲೇಬೇಕು. ಬಿಚ್ಚಿದ ಪ್ರತಿಯೊಂದು ಭಾಗದ ಮೇಲೂ ಅವರು ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಆ ಗುರುತು ಎಡ, ಬಲ ಎಂದಲ್ಲ. ಎಡ ಬಲ ಎಂದರೆ ನಮ್ಮ ಕಡೆಯವರಿಗೆ ಸಮಾಧಾನವಿಲ್ಲ. ಇದು ಊಟಕ್ಕೆ ಕೂತವನಿಗೂ "ಸ್ವಲ್ಪ ಪಡುವಿಗೆ ಸರೀರಿ" ಎನ್ನುವ ಊರು. ಸೂರ್ಯ ಹುಟ್ಟುವುದು ಮೂಡು, ಸಮುದ್ರ ಇರುವುದು ಪಡು. ಮನೆ, ಬಾವಿ, ಗದ್ದೆ, ಬೆನ್ನುನೋವು, ಎಲ್ಲಕ್ಕೂ ಲೆಕ್ಕ ಅದೇ. ಜಗಲಿಯಲ್ಲಿ ಎಕ್ಸಲ್ ಮೂಡು ಪಡುವಾಗಿಯೇ ಮಲಗಿತ್ತು. ಹಾಗಾಗಿ ಹ್ಯೂಬರ್ಟರು ಮೂಡು ಬದಿಯದಕ್ಕೆ 'ಮೂ', ಪಡು ಬದಿಯದಕ್ಕೆ 'ಪ' ಎಂದು ಬರೆದರು. ಅವರ ಅಜ್ಜನಾಗಿದ್ದರೂ ಹಾಗೆಯೇ ಬರೆಯುತ್ತಿದ್ದರು.

ಎರಡೂ ತುದಿಯ ಕೆಲಸ ಮುಗಿಯಿತು. ಬೇರಿಂಗು ಹೊಸದು, ಆಯಿಲ್ ಸೀಲು ಹೊಸದು, ಗ್ರೀಸ್ ಅಂತೂ ಬೆಣ್ಣೆಯ ಹಾಗೆ ತುಂಬಿಸಿಯಾಗಿತ್ತು. ಹೊರಗೆ ಉಳಿದದ್ದು ನಡುವಿನ ಹೊಟ್ಟೆಯೊಳಗೆ ಕೂರುವ ಕ್ರೌನ್ ಮಾತ್ರ. ಕ್ರೌನ್ ಎಂದರೆ ಹಲ್ಲುಗಳಿರುವ ದೊಡ್ಡ ಚಕ್ರ. ಎಂಜಿನಿನ ಶಕ್ತಿಯನ್ನು ಎರಡೂ ಗಾಲಿಗಳಿಗೆ ಹಂಚುವುದು ಅದೇ. ಅದರ ಒಂದು ಮಗ್ಗುಲಿಗೂ 'ಮೂ' ಎಂದು ಬರೆದು ಹ್ಯೂಬರ್ಟರು ಗೋಣಿಯ ಮೇಲೆ ಮಲಗಿಸಿದ್ದರು.

ಆಗ ಬಂದ ಗುರ್ಕಾರ ಕ್ಯಾಲ್ವಿನ್.

"ಅಂಕಲ್, ಆಂಟಿ, ಇವತ್ತು ಸಂಜೆಯ ತೇರ್ಸ್ ನಿಮ್ಮಲ್ಲಿ. ನೆನಪುಂಟಲ್ಲ? ಇಡೀ ವಾಡೊ ಬರ್ತದೆ."

ವಿನಿಫ್ರೆಡ್ ಜಗಲಿ ನೋಡಿದರು, ಎಕ್ಸಲ್ ನೋಡಿದರು, ಗಂಡನನ್ನು ನೋಡಿದರು. ಗಂಡನ ಕೈ ಮೊಣಕೈತನಕ ಕಪ್ಪು.

"ನೀವು ಸ್ನಾನಕ್ಕೆ ಹೋಗಿ," ಎಂದರು. "ಆ ಕೈಯಲ್ಲಿ ಜಪಸರ ಹಿಡಿದ್ರೆ ಮಣಿ ಜಾರಿ ಹೋಗ್ತದೆ."

ಹ್ಯೂಬರ್ಟರು ಬಚ್ಚಲಿಗೆ ಹೋದರು. ಉಗುರಿನ ಸಂದಿಯ ಗ್ರೀಸ್ ತೆಗೆಯುವುದೆಂದರೆ ಸಣ್ಣ ಕೆಲಸವಲ್ಲ. ತೆಂಗಿನ ನಾರು, ಸಾಬೂನು, ಮತ್ತೆ ನಾರು. ಅಷ್ಟರಲ್ಲಿ ಹೊರಗೆ ವಿನಿಫ್ರೆಡ್ ತಮ್ಮ ಮದುವೆಯ ಕಾಲದ ಕ್ರೋಶದ ಬಿಳಿ ಬಟ್ಟೆಯನ್ನು ಎಕ್ಸಲಿನ ಮೇಲೆ ಹೊದಿಸಿದ್ದರು. ಸಾಗಿಸಲಾಗದಿದ್ದರೆ ಏನಂತೆ, ಎಷ್ಟು ಗಟ್ಟಿಯಾದ ಆಲ್ತಾರ್! ಮೇಲೊಂದು ಹಲಗೆ ಇಟ್ಟರೆ ಸಾಯ್ಬಿಣಮ್ಮನಿಗೆ ಅದಕ್ಕಿಂತ ಭದ್ರ ಪೀಠ ಊರಲ್ಲೇ ಇಲ್ಲ. ತೊಂದರೆ ಒಂದೇ. ಎಕ್ಸಲಿನ ಹೊಟ್ಟೆಯಿಂದ ಮೂಗಿನ ಹಾಗೆ ಒಂದು ಭಾಗ ಮುಂದಕ್ಕೆ ಚಾಚಿ ಬಟ್ಟೆಯನ್ನು ಎತ್ತಿಹಿಡಿಯುತ್ತಿತ್ತು.

"ಇದರ ಮೂಗನ್ನು ಗೋಡೆ ಕಡೆ ತಿರುಗಿಸಿದ್ರೆ ಹೇಗೆ ಆಂಟಿ?" ಎಂದ ಕ್ಯಾಲ್ವಿನ್.

ಜಿಮ್ಮಿಗೆ ಹೋಗುವ ಜನ ಅವನ ಜೊತೆಗಿದ್ದರು. ಒಂದು, ಎರಡು, ಮೂರು ಎಂದು ಎತ್ತಿ ಎಕ್ಸಲನ್ನು ಹಿಂದುಮುಂದಾಗಿ ತಿರುಗಿಸಿಯೇ ಬಿಟ್ಟರು. ಬಟ್ಟೆ ಈಗ ಸೊಗಸಾಗಿ ನೆಲಮುಟ್ಟ ಇಳಿಯಿತು.

ಹ್ಯೂಬರ್ಟರು ಪೌಡರ್ ಹಚ್ಚಿಕೊಂಡು ಹೊರಬಂದಾಗ ಇಡೀ ವಾಡೊ ಅವರ ಫ್ರಂಟ್ ಎಕ್ಸಲಿನ ಮುಂದೆ ಮೊಣಕಾಲೂರಿ ಕೂತಿತ್ತು. ಮೊಂಬತ್ತಿ ಉರಿಯುತ್ತಿತ್ತು, ಅಗರಬತ್ತಿಯ ಹೊಗೆ ಏಳುತ್ತಿತ್ತು. ಹ್ಯೂಬರ್ಟರು ಬಾಗಿಲಲ್ಲೇ ಮೊಣಕಾಲೂರಿದರು. ತನ್ನ ಕೈಯ ಕೆಲಸಕ್ಕೆ ಇಂಥ ಗೌರವ ಹಡಗಿನ ಆಫೀಸಿನಲ್ಲಿ ಎಂದೂ ಸಿಕ್ಕಿರಲಿಲ್ಲ! ಆ ಸಂಜೆ ಅವರು ಎಲ್ಲರಿಗಿಂತ ಗಟ್ಟಿಯಾಗಿ ಜಪ ಹೇಳಿದರು. ಕೊನೆಗೆ ಬೇಯಿಸಿದ ಕಡಲೆ, ಬಾಳೆಹಣ್ಣು ತಿಂದು ಜನ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಬಟ್ಟೆ ತೆಗೆದಾಗ ಎಕ್ಸಲಿನ ಮೂಗು ಗೋಡೆಯ ಕಡೆಗಿರುವುದು ಹ್ಯೂಬರ್ಟರಿಗೆ ಕಂಡಿತು. ಕಾಣಲಿಲ್ಲವೆಂದು ಹೇಳುವ ಹಾಗಿಲ್ಲ. ಆದರೆ ಅವರಿಗೆ ಹೊಳೆದದ್ದು ಇಷ್ಟೇ: ಒಳ್ಳೆಯದಾಯಿತು, ಸ್ಟೂಲು ಹಾಕಿ ಕೂರಲು ಜಾಗ ಸಿಕ್ಕಿತು. ಕ್ರೌನನ್ನು ಮಗುವನ್ನೆತ್ತುವ ಹಾಗೆ ಎತ್ತಿದರು. 'ಮೂ' ಎಂದು ಬರೆದ ಮಗ್ಗುಲನ್ನು ಮೂಡಕ್ಕೆ ಮಾಡಿದರು, ಹೊಟ್ಟೆಯೊಳಗೆ ಇಳಿಸಿದರು. ಯುದ್ಧದ ಅವಸರದಲ್ಲಿ ಮಾಡಿದ ಎಕ್ಸಲ್, ಎರಡೂ ಬದಿಗೂ ಒಂದೇ ಅಚ್ಚು. ಯಾವ ಕಡೆಯಿಂದ ಇಟ್ಟರೂ ಅದು ಕೂರುತ್ತದೆ, ತಕರಾರು ಮಾಡುವುದಿಲ್ಲ. ಈಗಲೂ ಮಾಡಲಿಲ್ಲ.

"ನೋಡಿದೆಯಾ ವಿನ್ನಿ? ಒಂದೇ ಏಟಿಗೆ ಕೂತಿತು!"

ಎಕ್ಸಲ್ ಗಾಡಿಗೆ ಹೋಯಿತು, ಚಕ್ರ ಹಾಕಿಯಾಯಿತು. ಪರೀಕ್ಷೆಗೆಂದು ಹ್ಯೂಬರ್ಟರು ಗಾಡಿಯನ್ನು ಹೈವೇಗೆ ತಂದು, ಕೂಳೂರು ಸೇತುವೆ ದಾಟಿಸಿ, ಪಣಂಬೂರಿನ ತನಕ ಬಿಟ್ಟುಕೊಂಡು ಹೋಗಿ ವಾಪಸು ಬಂದರು. ಬಂದರಿನ ಲಾರಿ ಡ್ರೈವರುಗಳು ತಲೆ ಹೊರಗೆ ಹಾಕಿ ನೋಡಿದರು, ಯಾರೋ ಒಬ್ಬ ಸಲ್ಯೂಟ್ ಕೂಡ ಹೊಡೆದ.

ಅಹ್ಮದ್ ಬಾವ ಅಂಗಡಿಯ ಮುಂದೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಚಂದ ಆಗಿದೆ ಪೊರ್ಬುಳೇ. ಮುಂದಿನ ಲಿವರ್ ಹಾಕಿ ನೋಡಿದ್ರಾ?"

ಈ ಗಾಡಿ ರಸ್ತೆಯ ಮೇಲೆ ಹಿಂದಿನ ಚಕ್ರಗಳ ಬಲದಿಂದಲೇ ಓಡುತ್ತದೆ. ಮುಂದಿನವು ಸುಮ್ಮನೆ ಉರುಳುತ್ತವೆ. ಒಂದು ಲಿವರ್ ಹಾಕಿದರೆ ಮಾತ್ರ ಮುಂದಿನ ಚಕ್ರಗಳಿಗೂ ಎಂಜಿನಿನ ಬಲ ಸಿಗುತ್ತದೆ. ಇರುವೆ ನಡಿಗೆಯ ಗೇರ್ ಬೇಕೆಂದರೂ ಮೊದಲು ಆ ಲಿವರ್ ಹಾಕಲೇಬೇಕು, ಕಟ್ಟಿದವರು ಹಾಗೆ ಕಟ್ಟಿದ್ದಾರೆ.

"ಅದು ಕೆಸರಿಗೆ, ಮರಳಿಗೆ ಬಾವಾಕ. ಹೈವೇಯಲ್ಲಿ ಯಾರು ಹಾಕ್ತಾರೆ?" ಎಂದು ನಕ್ಕು ಹ್ಯೂಬರ್ಟರು ಮುಂದೆ ಹೋದರು.

ಮೆರವಣಿಗೆಯ ದಿನ ಬಂತು. ಗಾಡಿಗೆ ಹಸಿರು ಬಣ್ಣ, ಬಣ್ಣದ ಮೇಲೆ ಬಿಳಿ ಸೇವಂತಿಗೆ. ನಡುವೆ ನೀಲಿ ಮೇಲಂಗಿಯ ಸಾಯ್ಬಿಣಮ್ಮ, ಅವಳ ತಲೆಯ ಸುತ್ತ ಸಣ್ಣ ದೀಪಗಳು. ಹ್ಯೂಬರ್ಟರು ಬಿಳಿ ಕೈಗವಸು ಹಾಕಿಕೊಂಡಿದ್ದರು. ವಿನಿಫ್ರೆಡ್ ಹೆಂಗಸರ ಸಾಲಿನಲ್ಲಿ ಮೊಂಬತ್ತಿ ಹಿಡಿದು ನಿಂತಿದ್ದರು. ಗಾಡಿಯ ಬಾಗಿಲ ಹತ್ತಿರ ಬಂದು ಒಮ್ಮೆ ಅದರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟರು. "ನಿಧಾನ, ಆಯ್ತಾ," ಎಂದಷ್ಟೇ ಹೇಳಿದರು. ಅವರ ದನಿ ಎಂದಿನ ದನಿಯಾಗಿರಲಿಲ್ಲ.

ಬ್ಯಾಂಡಿನವರು ಶುರುಮಾಡಿದರು. ಗಾಯಕರು ಹಾಡೆತ್ತಿದರು. ಮೆರವಣಿಗೆಯೆಂದರೆ ಅಜ್ಜಿಯಂದಿರ ನಡಿಗೆ. ಹ್ಯೂಬರ್ಟರು ಶಿಲುಬೆಯ ಗುರುತು ಮಾಡಿಕೊಂಡು ಮುಂದಿನ ಲಿವರ್ ಎಳೆದರು, ಇರುವೆ ಗೇರ್ ಹಾಕಿದರು, ಕ್ಲಚ್ಚು ಬಿಟ್ಟರು.

ಗಾಡಿ ಗುಡುಗಿತು. ನಡುಗಿತು. ಮುಂದೆ ಹೋಗಲಿಲ್ಲ.

ಹ್ಯೂಬರ್ಟರು ಆಕ್ಸಿಲರೇಟರ್ ಒತ್ತಿದರು. ಗಾಡಿ ಜ್ವರ ಬಂದ ಹಾಗೆ ಮೈಯಿಡೀ ನಡುಗಿತು. ಹಿಂದೆ ಹೊಗೆ, ಕೆಳಗೆ ಕಟಕಟ, ಮೇಲೆ ಸೇವಂತಿಗೆಯ ಮಳೆ! ಸಾಯ್ಬಿಣಮ್ಮನ ದೀಪಗಳು ಹೊತ್ತಿ ಆರಿ ಹೊತ್ತತೊಡಗಿದವು. ಭಕ್ತರು ಮೊದಲು ಪವಾಡವೆಂದು ಕೈಮುಗಿದರು. ಗಾಯಕರು ಒಂದೇ ಚರಣವನ್ನು ಮತ್ತೆ ಮತ್ತೆ ಹಾಡಿದರು. ಕ್ಯಾಲ್ವಿನ್ ಓಡಿ ಬಂದ.

"ಅಂಕಲ್, ಹೊರಡುವಾ?"

"ಹೊರಟಿದ್ದೇನೆ ಮಾರಾಯ! ಗಾಡಿ ಹೊರಡ್ತಿಲ್ಲ!"

"ಹಾಗಾದ್ರೆ ಆ ಲಿವರ್ ತೆಗೆದು ಬಿಡಿ."

ತೆಗೆದರು. ಗಾಡಿ ಹೊರಟಿತು, ಹೊರಟದ್ದೇ ಹೊರಟಿತು. ಸಾಮಾನ್ಯ ಗೇರಿನಲ್ಲಿ ಅದಕ್ಕೆ ಅಜ್ಜಿಯಂದಿರ ನಡಿಗೆ ತಿಳಿಯದು. ಸಾಯ್ಬಿಣಮ್ಮ ಮುಂದೆ, ಇಡೀ ಇಗರ್ಜಿ ಹಿಂದೆ ಓಟ. ಬ್ಯಾಂಡಿನ ದೊಡ್ಡ ಡೋಲಿನವ ಡೋಲನ್ನು ತಬ್ಬಿಕೊಂಡು ಓಡಿದ. ವಿಗಾರ್ ಫಾದರ್ ಜರಿಯ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಹ್ಯೂಬರ್ಟ್! ಓ ಹ್ಯೂಬರ್ಟ್!" ಎಂದು ಕೂಗುತ್ತ ಓಡಿದರು. ಅಜ್ಜಿಯಂದಿರು ಎಲ್ಲೋ ದೂರ ಉಳಿದರು. ಒಂದೂ ಮೊಂಬತ್ತಿ ಉರಿಯುತ್ತಿರಲಿಲ್ಲ.

ಹ್ಯೂಬರ್ಟರು ಬ್ರೇಕ್ ಒತ್ತಿದರು. ಎಲ್ಲರೂ ಬಂದು ಸೇರಿದ ಮೇಲೆ ಮತ್ತೆ ಲಿವರ್ ಹಾಕಿದರು. ಗಾಡಿ ಮತ್ತೆ ಗುಡುಗಿ, ನಡುಗಿ, ನಿಂತಿತು. ನಿಂತದ್ದು ಎಲ್ಲಿ ಎಂದು ಅವರು ತಲೆಯೆತ್ತಿ ನೋಡಿದರೆ, ಅದೇ ಮೋರಿಯ ತಿರುವು. ಕನ್ನಡಿಯಲ್ಲಿ ವಿನಿಫ್ರೆಡ್ ಕಂಡರು. ಅವರು ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆರಿದ ಮೊಂಬತ್ತಿ ಹಿಡಿದು ಆ ಮೋರಿಯನ್ನೇ ನೋಡುತ್ತಿದ್ದರು. ಯಾರೋ ಹಿಂದಿನಿಂದ, "ಆ ಮೀನಿನ ಟೆಂಪೊಗೆ ಹೇಳುವುದಾ?" ಎಂದದ್ದು ಎಲ್ಲರಿಗೂ ಕೇಳಿಸಿತು. ಹ್ಯೂಬರ್ಟರು ಕೈಗವಸು ತೆಗೆದು ಕಿಸೆಗೆ ತುರುಕಿದರು. ಬದುಕಿನಲ್ಲಿ ಮೊದಲ ಸಲ ಅವರಿಗೆ ಮಾವನ ಮುಖ ನೋಡಬೇಕು ಅನಿಸಿತು, ಕ್ಷಮೆ ಕೇಳುವುದಕ್ಕೆ.

ಹೈವೇಗೆ ಸೇರುವ ಆ ತಿರುವಿನಲ್ಲೇ ಇತ್ತು ಅಹ್ಮದ್ ಬಾವರ ಅಂಗಡಿ. ಮೆರವಣಿಗೆ ನೋಡಲು ಮಕ್ಕಳು ಮೊಮ್ಮಕ್ಕಳ ಸಮೇತ ಹೊರಗೆ ನಿಂತಿದ್ದವರು ಮುಂದೆ ಬಂದು ಗಾಡಿಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. "ಇನ್ನೊಮ್ಮೆ ಕ್ಲಚ್ಚು ಬಿಡಿ," ಎಂದರು. ಹ್ಯೂಬರ್ಟರು ಬಿಟ್ಟರು. ಅಹ್ಮದ್ ಬಾವ ಮುಂದಿನ ಚಕ್ರ ನೋಡಿದರು, ಹಿಂದಿನ ಚಕ್ರ ನೋಡಿದರು. ಆಮೇಲೆ ಟೋಪಿ ತೆಗೆದು ತಲೆ ತುರಿಸಿಕೊಂಡರು.

"ಪೊರ್ಬುಳೇ, ನಿಮ್ಮ ಹಿಂದಿನ ಚಕ್ರ ತೆಂಕಕ್ಕೆ ಪಂಪ್‌ವೆಲ್‌ಗೆ ಹೊರಟಿದೆ. ಮುಂದಿನದ್ದು ಬಡಗಕ್ಕೆ ಪಣಂಬೂರಿಗೆ ಹೊರಟಿದೆ. ಎರಡರಲ್ಲಿ ಯಾವುದಕ್ಕೆ ಹೇಳುವುದು ತಪ್ಪು ಅಂತ?"

"ಅದು ಹೇಗೆ ಸಾಧ್ಯ ಬಾವಾಕ? ಗುರುತು ಹಾಕಿಯೇ ಕೂರಿಸಿದ್ದು!"

"ಕ್ರೌನ್ ಆಚೆ ಮಗ್ಗುಲಿಗೆ ಕೂತಿದೆ. ಹಾಗೆ ಕೂತ್ರೆ ಚಕ್ರ ತಿರುಗುವುದು ಉಲ್ಟಾ. ಈಗ ಎಂತ ಮಾಡ್ಲಿಕ್ಕೂ ಆಗುವುದಿಲ್ಲ."

ಹ್ಯೂಬರ್ಟರ ಕಣ್ಣ ಮುಂದೆ ಗೋಡೆಗೆ ಮೂಗು ತಿರುಗಿಸಿದ ಎಕ್ಸಲ್ ಬಂದು ನಿಂತಿತು. ಬಟ್ಟೆ ಚಂದ ಇಳಿಯಲೆಂದು ಎಕ್ಸಲನ್ನು ತಿರುಗಿಸಿದ್ದರು, ಅದರ ಮೂಡು ತುದಿ ಪಡುವಿಗೆ ಹೋಗಿತ್ತು. ಆದರೆ ಮೂಡು ತಿರುಗಿರಲಿಲ್ಲ! ಸೂರ್ಯ ಹುಟ್ಟುವ ಕಡೆ ಹುಟ್ಟುತ್ತಲೇ ಇದ್ದ. ಅವನನ್ನು ನಂಬಿ ಕೆಟ್ಟೆನಲ್ಲ ಎಂದು ಹ್ಯೂಬರ್ಟರು ಸ್ಟೇರಿಂಗಿಗೆ ಹಣೆ ಒತ್ತಿದರು.

ಬಾಗಿಲು ತೆರೆಯಿತು. ವಿನಿಫ್ರೆಡ್ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.

"ಇಳೀರಿ."

"ವಿನ್ನಿ, ನಾನು..."

"ಆಮೇಲೆ ಹೇಳಿ. ಈಗ ಇಳೀರಿ."

ಹ್ಯೂಬರ್ಟರು ಇಳಿದರು. ವಿನಿಫ್ರೆಡ್ ಚಪ್ಪಲಿ ಬಿಟ್ಟು ಹತ್ತಿ ಕೂತರು. ಎಂಜಿನ್ ಆಫ್ ಮಾಡಿದರು. ಲಿವರ್ ತೆಗೆದರು, ಗೇರನ್ನು ನ್ಯೂಟ್ರಲಿಗೆ ತಂದರು. ಯಾವುದನ್ನೂ ಹುಡುಕಲಿಲ್ಲ, ಕೈ ತಾನಾಗಿ ಹೋಯಿತು.

"ನಿನಗೆ... ನಿನಗೆ ಡ್ರೈವಿಂಗ್ ಬರ್ತದಾ?"

"ಅಪ್ಪ ಕಲಿಸಿದ್ದು. ಇದರಲ್ಲೇ."

"ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಲಿಲ್ಲ ನೀನು!"

"ನೀವು ಕೇಳಲಿಲ್ಲ," ಎಂದು ವಿನಿಫ್ರೆಡ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ವಾರ್ಡಿನಲ್ಲಿ ಆಯಾಗಳನ್ನು ಕರೆಯುವ ಆ ಹಳೆಯ ದನಿಯಲ್ಲಿ ಕೂಗಿದರು: "ನೋಡ್ತಾ ನಿಂತದ್ದು ಎಂತ? ತಳ್ಳಿ!"

ಕ್ಯಾಲ್ವಿನನೂ ಅವನ ಜಿಮ್ಮಿನ ಸ್ನೇಹಿತರೂ ಹಿಂದೆ ಹೋದರು. ಬ್ಯಾಂಡಿನವರು ತುತ್ತೂರಿ ಕಂಕುಳಿಗೆ ಸಿಕ್ಕಿಸಿ ಬಂದರು. ಅಹ್ಮದ್ ಬಾವ ಅಂಗಡಿಯ ಜನರನ್ನೆಲ್ಲ ಕರೆದು, ಲುಂಗಿ ಎತ್ತಿಕಟ್ಟಿ ತಾವೂ ಭುಜ ಕೊಟ್ಟರು. "ನಿಮ್ಮ ಅಪ್ಪ ನನ್ನ ಅಪ್ಪನಿಗೆ ಭಾರಿ ದೋಸ್ತಿ ಬಾಯೀ, ನಾವು ಬಿಡ್ಲಿಕ್ಕುಂಟಾ!" ಎಂದು ಕೂಗಿದರು. ಹ್ಯೂಬರ್ಟರಿಗೆ ಸಿಕ್ಕಿದ್ದು ಸೈಲೆನ್ಸರಿನ ಪಕ್ಕದ ಮೂಲೆ. ಯಾರಿಗೂ ಬೇಡದ ಆ ಮೂಲೆಯಲ್ಲಿ ಅವರು ಹಣೆ ಒತ್ತಿ ತಳ್ಳಿದರು.

ಗಾಡಿ ಮೆಲ್ಲನೆ ಉರುಳಿತು. ಮೋರಿ ದಾಟಿತು.

ಆಗ ಆದದ್ದನ್ನು ಅಲ್ಲಿದ್ದವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಎಂಜಿನಿನ ಸದ್ದಿಲ್ಲ, ಬ್ಯಾಂಡೂ ಇಲ್ಲ, ತಳ್ಳುವವರ ಉಸಿರು ಮಾತ್ರ. ಒಬ್ಬ ಅಜ್ಜಿ ಹಳೆಯ ಕೊಂಕಣಿ ಹಾಡೊಂದನ್ನು ಎತ್ತಿದರು, ಹೆಂಗಸರೆಲ್ಲ ಸೇರಿದರು, ತಳ್ಳುವವರೂ ಆ ಹಾಡಿಗೆ ಹೆಜ್ಜೆ ಹಾಕಿದರು. ಆರಿದ ಮೊಂಬತ್ತಿಗಳನ್ನು ಒಬ್ಬರಿಂದ ಒಬ್ಬರು ಮತ್ತೆ ಹಚ್ಚಿಕೊಂಡರು. ಇಗರ್ಜಿಯ ಏರು ಬಂದಾಗ ಹಾಡುವವರೂ ಬಂದು ಕೈ ಕೊಟ್ಟರು, ವಿಗಾರ್ ಫಾದರ್ ಜರಿಯ ನಿಲುವಂಗಿಯಲ್ಲೇ ಬಂದು ಬೆನ್ನು ಕೊಟ್ಟರು. ವಿನಿಫ್ರೆಡರ ಎರಡೂ ಕೈಗಳು ಆ ದೊಡ್ಡ ಸ್ಟೇರಿಂಗಿನ ಮೇಲೆ ಗಟ್ಟಿಯಾಗಿದ್ದವು. ಸಾಯ್ಬಿಣಮ್ಮ ಒಂದಿಷ್ಟೂ ಅಲುಗದೆ ಇಗರ್ಜಿಯ ಬಾಗಿಲಿಗೆ ಬಂದಳು.

ಎಲ್ಲರೂ ಒಳಗೆ ಹೋದ ಮೇಲೂ ವಿನಿಫ್ರೆಡ್ ಇಳಿಯಲಿಲ್ಲ. ಹ್ಯೂಬರ್ಟರು ಏದುಸಿರು ಬಿಡುತ್ತ ಬಾಗಿಲ ಹತ್ತಿರ ಬಂದರು. ಮುಖದ ಒಂದು ಭಾಗ ಸೈಲೆನ್ಸರಿನ ಮಸಿ ತಾಗಿ ಕಪ್ಪಾಗಿತ್ತು.

"ಬಯ್ಯುವುದಾದ್ರೆ ಈಗಲೇ ಬಯ್ದುಬಿಡು ವಿನ್ನಿ."

ವಿನಿಫ್ರೆಡರ ಕಣ್ಣು ತುಂಬಿತ್ತು. "ಅಪ್ಪನಿಗೆ ಇಷ್ಟೇ ಬೇಕಿತ್ತು," ಎಂದರು. "ಇಲ್ಲಿ ತನಕ ತರಬೇಕಿತ್ತು, ಅಷ್ಟೇ." ಆಮೇಲೆ ಸೆರಗಿನ ತುದಿಯಿಂದ ಗಂಡನ ಕೆನ್ನೆಯ ಮಸಿ ಒರೆಸಿದರು. ಹೋಗಲಿಲ್ಲ. ಇನ್ನೂ ಅಗಲವಾಯಿತು.

ಹ್ಯೂಬರ್ಟರು ಸೋಲೊಪ್ಪಿ ಕೂರುವವರಲ್ಲ. ಎಕ್ಸಲ್ ಮತ್ತೆ ಜಗಲಿಗೆ ಬಂತು. ಈ ಸಲ ಅಹ್ಮದ್ ಬಾವ ಸ್ಟೂಲಿನ ಮೇಲೆ ಚಹಾ ಹಿಡಿದು ಕೂತಿದ್ದರು. ವಿನಿಫ್ರೆಡ್ ತಮ್ಮ ಸನ್ನಾದ ತಟ್ಟೆಗಳನ್ನು ಕಪಾಟಿಗಿಟ್ಟು ಬೀಗ ಹಾಕಿದ್ದರು. ಕ್ರೌನ್ ತನ್ನ ಮಗ್ಗುಲಿಗೆ ಹೋಯಿತು. ಲಿವರ್ ಹಾಕಿದರೆ ನಾಲ್ಕು ಚಕ್ರಗಳೂ ಒಂದೇ ಊರಿಗೆ ಹೊರಟವು. ಹ್ಯೂಬರ್ಟರು ಬಿಳಿ ಕೈಗವಸು ಹಾಕಿ, ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಇರುವೆ ನಡಿಗೆಯಲ್ಲಿ ಗಾಡಿಯನ್ನು ಇಗರ್ಜಿಯ ಮೈದಾನಕ್ಕೆ ತಂದು ವಿಗಾರ್ ಫಾದರಿಗೆ ಒಂದು ಸುತ್ತು ತೋರಿಸಿದರು.

"ಬಹಳ ಚಂದ ಹೋಗ್ತದೆ ಹ್ಯೂಬರ್ಟ್," ಎಂದರು ಫಾದರ್. "ಆದ್ರೆ ಬರುವ ವರ್ಷ ಎಂಜಿನ್ ಬೇಡ."

"ಬೇಡವಾ? ಯಾಕೆ ಫಾದರ್? ಈಗ ಸರಿಯಾಗಿದೆಯಲ್ಲ!"

"ಜನ ಕೇಳುವುದಿಲ್ಲ. ಇಷ್ಟು ಭಕ್ತಿಯ ಮೆರವಣಿಗೆ ಈ ಊರಲ್ಲಿ ಆಗಿಯೇ ಇಲ್ಲ ಅಂತಾರೆ. ಇನ್ನು ಮುಂದೆ ತಳ್ಳಿಕೊಂಡೇ ತರುವುದು, ಸಭೆಯಲ್ಲಿ ತೀರ್ಮಾನ ಆಗಿದೆ. ಹರಕೆ ಹೇಳಿಕೊಂಡವರೂ ಇದ್ದಾರೆ."

"ಹಾಗಾದ್ರೆ ಸ್ಟೇರಿಂಗಿನಲ್ಲಿ ನಾನಾದ್ರೂ...?"

ಫಾದರ್ ವಿನಿಫ್ರೆಡರ ಕಡೆ ನೋಡಿ ನಕ್ಕರು. ಕ್ಯಾಲ್ವಿನ್ ಅಷ್ಟರಲ್ಲಿ ಹತ್ತಿರ ಬಂದಿದ್ದ. "ಅಂಕಲ್, ನಿಮ್ಮ ಜಾಗ ನಿಮಗೇ ಇಟ್ಟಿದ್ದೇವೆ. ಸೈಲೆನ್ಸರಿನ ಹತ್ತಿರ," ಎಂದ.

ಹಿಂದಿರುಗಿ ಬಂದು ಜಗಲಿಯಲ್ಲಿ ಹ್ಯೂಬರ್ಟರು ಕುಸಿದು ಕೂತರು. ನಿಟ್ಟುಸಿರಿಟ್ಟರು. "ಮೈಮುರಿದು ಎಕ್ಸಲ್ ರೆಡಿ ಮಾಡಿದ್ದು ಹಾಗಾದ್ರೆ ಎಂತಕ್ಕೆ ಮಾರಾಯ್ತಿ?"

ವಿನಿಫ್ರೆಡ್ ಗಂಡನ ಹೊಟ್ಟೆಯನ್ನು, ಮೊಣಕಾಲನ್ನು, ಬೆನ್ನನ್ನು ನರ್ಸಿನ ಕಣ್ಣಿನಿಂದ ಒಮ್ಮೆ ಪರೀಕ್ಷಿಸಿ ನೋಡಿದರು.

"ಗಾಡಿ ರೆಡಿ ಉಂಟು," ಎಂದರು. "ಇನ್ನು ಓವರ್‌ಹಾಲ್ ಆಗಬೇಕಾದ್ದು ತಳ್ಳುವ ಜನ. ನಾಳೆ ಬೆಳಿಗ್ಗೆಯಿಂದ ಸೇತುವೆ ತನಕ ವಾಕಿಂಗ್, ಕರಿದದ್ದು ಬಂದ್."